ನೋವಿಲ್ಲದ ಹದಿನೈದನೆಯವರು

ನೋವು ಅಳೆಯಲು ಹೊರಟರೆ ಜನ ಸರಿಯಾದ ಅಳತೆ ಕೊಡುತ್ತಾರೆಂದು ನಂಬಿದ್ದೇ ನನ್ನ ಮೊದಲ ತಪ್ಪು. ಆಮೇಲಿನದೆಲ್ಲ ತಾನಾಗಿ ನಡೆದುಕೊಂಡು ಬಂತು. ನನ್ನ ಸಂಶೋಧನೆ ನ್ಯೂರೋಪೆಪ್ಟೈಡ್‌ಗಳ ಮೇಲೆ. ಎಲ್ಲೋ ನೋವಾದರೆ ಆ ಸುದ್ದಿಯನ್ನು ನರದಿಂದ ನರಕ್ಕೆ ದಾಟಿಸುವ ಪುಟ್ಟ ಪ್ರೋಟೀನ್ ತುಣುಕುಗಳು ಅವು. ಚಿತ್ರದುರ್ಗದ ಸುತ್ತಿನ ಹಳ್ಳಿಗಳಲ್ಲಿ ಮಂಡಿನೋವಿನವರ ರಕ್ತ ಪರೀಕ್ಷೆ ಮಾಡುತ್ತಿದ್ದೆ. ನೋವಿದ್ದವರು ಬೇಕಾದಷ್ಟು ಸಿಕ್ಕರು. ಹೋಲಿಸಿ ನೋಡಲು, ಅರವತ್ತು ದಾಟಿದ, ನೋವೇ ಇಲ್ಲದ ಹದಿನೈದು ಜನ ಬೇಕಿತ್ತು. ಅವರು ಸಿಗದಿದ್ದರೆ ಮೂರು ವರ್ಷದ ದುಡಿಮೆ ಅಲ್ಲಿಗೇ ನಿಲ್ಲುತ್ತಿತ್ತು.

ಮರ್ಯಾದೆಗೆ ಹತ್ತು

ಹಿರೇಗುಂಟನೂರಿನಲ್ಲಿ ಒಬ್ಬ ಅಜ್ಜ ಸೈಕಲ್ ತುಳಿದುಕೊಂಡು ಬಂದರು. ಹಿಂದೆ ಅರ್ಧ ಮೂಟೆ ಈರುಳ್ಳಿ. ನನಗೆ ಒಳಗೊಳಗೇ ಖುಷಿ. "ನೋವೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕಾಗಲ್ಲ ಅಂದ್ರೆ ಹತ್ತು. ನಿಮ್ಮದೆಷ್ಟು ಅಜ್ಜ?" ಎಂದೆ.

"ಹತ್ತು ಬರ್ಕಳ್ರಿ."

"ಎಲ್ಲಿ ನೋವು?"

"ನೋವಾ? ನಂಗೇನೂ ಇಲ್ಲ."

"ಮತ್ತೆ ಹತ್ತು ಯಾಕಂದ್ರಿ?"

"ಬಿಸಿಲಾಗೆ ಇಷ್ಟು ದೂರ ಬಂದೀರಿ ಡಾಕ್ಟ್ರಮ್ಮ. ಸೊನ್ನೆ ಕೊಟ್ಟು ಕಳಿಸಾಕಾಗ್ತೈತಾ?"

ನಾನು ಸೊನ್ನೆ ಬರೆದುಕೊಂಡೆ. ಅಜ್ಜ ಹೊರಟವರು ಬಾಗಿಲಿನಿಂದ ತಿರುಗಿ ಬಂದು, "ಒಂದಾದ್ರೂ ಹಾಕ್ಕಳ್ರಿ" ಎಂದರು.

ಐಸ್ ನೀರು

ನೋವಿಲ್ಲ ಎಂದವರಿಗೆ ಇನ್ನೊಂದು ಪರೀಕ್ಷೆಯಿತ್ತು. ಐಸ್ ಹಾಕಿದ ನೀರಿನಲ್ಲಿ ಕೈಯಿಟ್ಟು, ತಡೆಯಲಾಗದಿದ್ದಾಗ ತೆಗೆಯಬೇಕು. ಜವನಗೊಂಡನಹಳ್ಳಿಯಲ್ಲಿ ಕುರಿ ಕಾಯುವ ಯಜಮಾನರೊಬ್ಬರು ಕೈಯಿಟ್ಟು ಮೀಸೆ ತಿರುವುತ್ತ ಕೂತರು. ಒಂದು ನಿಮಿಷಕ್ಕೇ ಎಲ್ಲರೂ ಕೈ ತೆಗೆಯುತ್ತಿದ್ದರು. ಇವರು ಮೂರಾದರೂ ಅಲುಗಾಡಲಿಲ್ಲ. ಇಂಥ ನರಗಳೂ ಉಂಟೇ ಎಂದು ಬೆರಗಾಗಿ, ಪರೀಕ್ಷೆಗಿದ್ದ ಮೂರು ನಿಮಿಷದ ಮಿತಿ ಮುಗಿದದ್ದರಿಂದ ನಾನೇ ಅವರ ಕೈಯನ್ನು ನೀರಿನಿಂದ ಎತ್ತಿದೆ.

"ನೋವಾಗಲಿಲ್ವಾ?"

"ಜೀವ ಹೋಗಂಗಾತು."

"ಮತ್ತೆ ತೆಗೀಬಾರದಿತ್ತಾ?"

ಬಾಗಿಲ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ಹೇಳಿದರು: "ಹೆಂಡ್ತಿ ತಮ್ಮ ನಿಂತು ನೋಡ್ತಿದ್ದ ಕಣ್ರಿ."

ಹೊಸ ಶೋಧ

ಅಂತೂ ಹದಿನಾಲ್ಕು ಜನ ಆದರು. ಹದಿನೈದನೆಯವರಿಗಾಗಿ ಹೊಸದುರ್ಗವನ್ನೂ ಸುತ್ತಿ ಸುಸ್ತಾಗಿ, ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಊಟ ಬಿಟ್ಟು ಕೂತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ನಿಂತರು. "ನಂಗೇನು ನೋವಿಲ್ಲ ಕಣವ್ವ. ನನ್ನ ರಕ್ತನೇ ತಗಾ. ಮೊದ್ಲು ಉಣ್ಣು."

ಫಲಿತಾಂಶ ಬಂತು. ಮಂಡಿನೋವಿನವರಿಗೆಲ್ಲ ಇದ್ದದ್ದಕ್ಕಿಂತ ಹೆಚ್ಚು ಪೆಪ್ಟೈಡ್ ಅತ್ತೆಯ ರಕ್ತದಲ್ಲಿತ್ತು. ಮತ್ತೆ ಪರೀಕ್ಷೆ ಮಾಡಿಸಿದೆ, ಅದೇ ಲೆಕ್ಕ. ಇಷ್ಟು ಪೆಪ್ಟೈಡ್ ಇದ್ದೂ ನೋವಿಲ್ಲವೆಂದರೆ ಇದು ಹೊಸ ಶೋಧವೇ ಸರಿ ಎಂದುಕೊಂಡು ಒಂದು ವಾರ ಕೂತು ಅರ್ಧ ಪ್ರಬಂಧ ಬರೆದೆ. ಅತ್ತೆಗೆ ಹೇಳೋಣವೆಂದು ಸಂಭ್ರಮದಿಂದ ಮನೆಗೆ ಬಂದರೆ, ನನ್ನ ಹೊಸ ಶೋಧ ಗೋಡೆ ಹಿಡಿದುಕೊಂಡು ಹಿಮ್ಮುಖವಾಗಿ ಮೆಟ್ಟಿಲಿಳಿಯುತ್ತಿತ್ತು.

"ಅತ್ತೆ, ಮಂಡಿ ನೋಯ್ತೈತಾ?"

"ನಾಕು ವರ್ಷಾತು."

"ಮತ್ತೆ ಇಲ್ಲ ಅಂದ್ರಲ್ಲ?"

"ನೋವಿಲ್ಲದೋರು ಸಿಗ್ಲಿಲ್ಲ ಅಂತ ನೀನು ಉಣ್ಣದೆ ಕುಂತಿದ್ದೆ. ನಾನು ಹೆಂಗೆ ನೋಡ್ಕಂಡಿರ್ಲಿ?"

ಸಿಟ್ಟು ಬರಬೇಕಾದಲ್ಲಿ ನನಗೆ ಕಣ್ಣಲ್ಲಿ ನೀರು ಬಂತು. ನೋವು ಅಳೆಯುವವಳ ಮನೆಯಲ್ಲೇ ನಾಲ್ಕು ವರ್ಷದ ನೋವು ಓಡಾಡಿಕೊಂಡಿತ್ತು. ಪಟ್ಟಿಯಲ್ಲಿ ಅವರ ಹೆಸರು ಹೊಡೆದುಹಾಕಿ, ಮಂಡಿಗೆ ಎಣ್ಣೆ ತಿಕ್ಕಲು ಕೂತೆ. "ಮತ್ತೆ ಒಬ್ರು ಕಮ್ಮಿ ಆದ್ರು ಅತ್ತೆ" ಎಂದೆ.

"ಅದ್ಕೆಲ್ಲ ಯೋಚ್ನೆ ಮಾಡ್ಬ್ಯಾಡ. ಪಕ್ಕದ ಮನೆ ಅಕ್ಕಗೆ ಹೇಳಿಕೊಟ್ಟೀನಿ, ನೋವಿಲ್ಲ ಅಂತಾಳೆ" ಎಂದು ಅತ್ತೆ ಸಮಾಧಾನ ಮಾಡಿದರು. "ಅವಳ್ನ ಕೆಳಗೆ ಮಾತ್ರ ಕುಂದ್ರುಸ್ಬ್ಯಾಡ. ಎಬ್ಬಿಸಾಕೆ ಇಬ್ರು ಬೇಕು."