ಮುತ್ತುರಾಜನ ಅಪ್ಪ

ಬೋರವ್ವ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ಅಡ್ಡಗಟ್ಟಿದ ನಾದಿನಿಯರ ಕಾಟ ತಾಳದೆ ಒಡಪಿನ ಪದ್ಯದೊಳಗೆ ಹುದುಗಿಸಿ ಒಮ್ಮೆ ಹೇಳಿದ್ದೇ ಕಡೆ. ಹೆಂಡತಿಯಾದವಳು ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಅವಳವ್ವ ಕಲಿಸಿದ್ದಳು. ಬೀರಪ್ಪ ದೇವರು ಕೊಟ್ಟ ಆಯುಷ್ಯವನ್ನು ತನ್ನ ನಾಲಿಗೆಯಿಂದ ಯಾಕೆ ಕತ್ತರಿಸಬೇಕು? ಮಗ ಹುಟ್ಟುವ ತನಕ "ಏ, ಇವರ" ಎಂದು ಕರೆದಳು. ಹುಟ್ಟಿದ ಮೇಲೆ "ಮುತ್ತುರಾಜನ ಅಪ್ಪಾ" ಎಂದಳು. ಸಂಸಾರ ಅಷ್ಟರಲ್ಲೇ ಸುಖವಾಗಿ ನಡೆದಿತ್ತು, ಕೊರೊನಾದ ಎರಡನೆಯ ಅಲೆ ಅವರೂರು ರಾಮಥಾಳಕ್ಕೆ ಬರುವವರೆಗೆ.

ಅಮೀನಗಡದ ಡಾಕ್ಟರ್ ಶ್ರೀಧರ ಆಗ ತಮ್ಮ ದವಾಖಾನೆಯ ರೀತಿಯನ್ನೇ ಬದಲಿಸಿದ್ದರು. ಬಾಗಿಲಿಗೆ ಬೀಗ, ಕಿಟಕಿಗೆ ಗಾಜು. ರೋಗವನ್ನು ಮೊದಲು ಫೋನಿನಲ್ಲಿ ಹೇಳಬೇಕು. ಗುಳಿಗೆ ಸಾಕಾದವರಿಗೆ ಮಾಳಿಗೆಯಿಂದ ಹಗ್ಗದ ಬುಟ್ಟಿಯಲ್ಲಿ ಗುಳಿಗೆ ಇಳಿಯುತ್ತಿತ್ತು. ಉಸಿರು ಸಾಲದವರನ್ನು ಜೀಪು ಕಳಿಸಿ ಕರೆಸಿ, ಎದುರಿನ ಮದುವೆ ಮಂಟಪದಲ್ಲಿ ಆಕ್ಸಿಜನ್ ಹಚ್ಚಿ ಮಲಗಿಸುತ್ತಿದ್ದರು. ಮದುಮಕ್ಕಳು ಕೂರುವ ವೇದಿಕೆಯ ಮೇಲೂ ಮಂಚ. ಬಾಗಿಲ ಮೇಲಿನ "ಶುಭವಿವಾಹ" ಎಂಬ ಬಣ್ಣದ ಅಕ್ಷರಗಳನ್ನು ಅಳಿಸಲು ಯಾರಿಗೂ ಪುರಸೊತ್ತಿರಲಿಲ್ಲ. ಆ ಅಕ್ಷರಗಳ ಕೆಳಗಿನಿಂದಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೆಣಗಳು ಹೊರಬರುತ್ತಿದ್ದವು.

ಒಂದು ಬೆಳಿಗ್ಗೆ ಬೋರವ್ವನ ಗಂಡ ಅಮಸಿದ್ದಪ್ಪನ ಉಸಿರು ಕಮ್ಮಾರನ ತಿದಿಯಂತೆ ಏರಿಳಿಯತೊಡಗಿತು. ಮುತ್ತುರಾಜ ಕುರಿಗಳಿಗೆ ಸೊಪ್ಪು ತರಲು ಹೋಗಿದ್ದ. ಬೋರವ್ವ ದವಾಖಾನೆಗೆ ಫೋನು ಹಚ್ಚಿದಳು. ಆ ಕಡೆ ಕಂಪೌಂಡರ್ ಮುಜಮ್ಮಿಲ.

"ಯಾರಿಗೆ ಆರಾಮಿಲ್ರಿ? ಹೆಸರು ಹೇಳ್ರಿ."

"ರಾಮಥಾಳದಿಂದ ರೀ, ನಮ್ಮ ಮನ್ಯಾಗಿನವ್ರಿಗೆ. ಉಸಿರು ನಿಂದರವಲ್ದು."

"ಮನ್ಯಾಗಿನವ್ರು ಅಂತ ಬರದ್ರ ಊರೆಲ್ಲಾ ಬಂದು ಮಲಗತೈತಿ ಯವ್ವಾ. ಒಂದ ಮಂಚ ಖಾಲಿ ಐತಿ. ಲಗೂನ ಹೆಸರು ಹೇಳ್ರಿ!"

"ಮುತ್ತುರಾಜನ..." ಎಂದವಳೇ ಬೋರವ್ವ ಸೆರಗನ್ನು ಬಾಯಿಗೆ ಒತ್ತಿ ಅತ್ತುಬಿಟ್ಟಳು. "ಅಪ್ಪ" ಎಂಬುದು ಸೆರಗಿನೊಳಗೇ ಉಳಿಯಿತು.

ಮುಜಮ್ಮಿಲ ಖಾಲಿ ಮಂಚದ ಮೇಲಿನ ಗೋಡೆಗೆ ಸುಣ್ಣದ ಕಡ್ಡಿಯಿಂದ "ಮುತ್ತುರಾಜ" ಎಂದು ಬರೆದು ಜೀಪು ಕಳಿಸಿದ.

ಮುತ್ತುರಾಜ ಸೊಪ್ಪಿನ ಹೊರೆ ಹೊತ್ತು ಓಣಿಗೆ ಬರುವುದಕ್ಕೂ, ಪಿಪಿಇ ಕಿಟ್ಟು ತೊಟ್ಟು ಬಿಳಿ ಗೌಸಣಿಗೆಯೊಳಗೆ ತುಂಬಿದಂತಿದ್ದ ಇಬ್ಬರು ಜೀಪಿನಿಂದ ಇಳಿಯುವುದಕ್ಕೂ ಸರಿಹೋಯಿತು.

"ಮುತ್ತುರಾಜ ಯಾರ್ರಿ?"

"ನಾನ ರೀ."

ಅವರು ಹೊರೆ ಕೆಡವಿ ಅವನ ರಟ್ಟೆ ಹಿಡಿದರು. ಅವನು "ನನಗಲ್ರೋ, ನಮ್ಮಪ್ಪಗ!" ಎಂದು ಚೀರಿದ. ಓಣಿಯ ಕದಗಳೆಲ್ಲ ಬೆರಳಗಲ ತೆರೆದವು. ಎದುರುಮನೆಯ ನೀಲಪ್ಪ ಉದ್ದನೆಯ ಗಳ ಹಿಡಿದು ಹೊರಬಂದ. ರೋಗ ಬಂದಾಗಿನಿಂದ ಓಣಿಯ ಕಾವಲು ತನ್ನದೇ ಎಂದು ಅವನು ತಿಳಿದಿದ್ದ. ಯಾರಾದರೂ ಸೀನಿದರೆ ಗಳದಿಂದ ತಿವಿದು ಒಳಗೆ ಕಳಿಸುತ್ತಿದ್ದ.

"ನೋಡ್ರಿ ಕಲಿಗಾಲ!" ಎಂದ ನೀಲಪ್ಪ. "ತನ್ನ ಬದ್ಲಿ ಹಡದಪ್ಪನ್ನ ಕಳಸ್ತಾನಂತ!"

"ಜ್ವರ ತಲಿಗೇರೇತಿ ಅದಕ್ಕ," ಎಂದಳು ಕಿಂಡಿಯೊಳಗಿಂದ ಲಕ್ಕವ್ವ.

"ಕಾಕಾ, ಒಳಗ ಹೋಗಿ ನಮ್ಮಪ್ಪನ್ನ ನೋಡರ ನೋಡು!"

ನೋಡುವ ಕೆಲಸ ಬೀಳಲಿಲ್ಲ. ಅಲ್ಲಿ ಸತ್ತರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಾರೆ, ಹೂಳಲು ಸ್ವಂತ ಹೊಲದ ಮಣ್ಣೂ ಸಿಗುವುದಿಲ್ಲ ಎಂದು ಕೇಳಿಕೇಳಿ ಹೆದರಿದ್ದ ಅಮಸಿದ್ದಪ್ಪ, ಇದ್ದಬದ್ದ ಕಸುವನ್ನೆಲ್ಲ ಕೂಡಿಸಿ ಕಂಬಳಿ ಹೊದ್ದು ಬಾಗಿಲಿಗೆ ಬಂದು ನಿಂತ. ಉಸಿರು ಬಿಗಿಹಿಡಿದಿದ್ದ. ಎದೆ ಕದಲದಂತೆ ಚೌಕಟ್ಟಿಗೆ ಆತುಕೊಂಡಿದ್ದ.

"ನಾ ಗಟ್ಟಿ ಅದೇನಿ," ಎಂದ. "ಹುಡುಗನ್ನ ಒಯ್ರಿ."

ಬೋರವ್ವ "ಅಲ್ರಿ, ಇವರು... ಅಲ್ರಿ, ಅವರು..." ಎನ್ನುತ್ತಿರುವಾಗಲೇ ನೀಲಪ್ಪ ಕುರಿಯನ್ನು ಹಟ್ಟಿಗೆ ನೂಕುವಂತೆ ಮುತ್ತುರಾಜನನ್ನು ಗಳದಿಂದ ಜೀಪಿಗೆ ನೂಕಿದ. ಜೀಪು ಓಣಿ ದಾಟುತ್ತಲೇ ಅಮಸಿದ್ದಪ್ಪ ಬಾಗಿಲಲ್ಲೇ ಕುಸಿದ. ಅದನ್ನು ನೋಡಲು ಯಾರೂ ಇರಲಿಲ್ಲ. ಕದಗಳೆಲ್ಲ ಮುಚ್ಚಿಕೊಂಡಿದ್ದವು.

ಮಂಟಪದಲ್ಲಿ ಮುತ್ತುರಾಜನ ಬೆರಳಿಗೆ ಆಕ್ಸಿಜನ್ ಅಳೆಯುವ ಯಂತ್ರ ಕಚ್ಚಿಸಿ ನೋಡಿದ ಡಾಕ್ಟರು ಅದನ್ನು ಎರಡು ಸಲ ಒರೆಸಿ ನೋಡಿದರು. ಅವರ ಕಣ್ಣುಗಳು ಕೆಂಪಗಿದ್ದವು, ದನಿ ಬಿದ್ದುಹೋಗಿತ್ತು.

"ಇಂವಗ ನನಕಿಂತ ಭಾಳ ಉಸಿರು ಐತಲ್ಲೋ ಮುಜಮ್ಮಿಲ!"

ಮುತ್ತುರಾಜ ಕಾಲಿಗೆ ಬಿದ್ದು ಎಲ್ಲ ಹೇಳಿದ. ಡಾಕ್ಟರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಜೀಪಿನ್ಯಾಗ ನೀನೂ ಹೋಗು, ಲಗೂನ ಕರಕೊಂಡ ಬಾ. ಸಂಜಿ ಆದ್ರ ಕೈ ಮೀರತೈತಿ," ಎಂದರು. ಮುಜಮ್ಮಿಲನಿಗೆ, "ಮುತ್ತುರಾಜನ ಅಪ್ಪ ಬರ್ತಾನ. ಬಂದ ಕೂಡಲೇ ಮಂಚಕ್ಕ ಹಾಕ್ಕೋ, ನನ್ನ ದಾರಿ ಕಾಯಬ್ಯಾಡ," ಎಂದು ಹೇಳಿ ಮತ್ತೊಂದು ಮಂಚದತ್ತ ಓಡಿದರು. ಮುಜಮ್ಮಿಲ ಗೋಡೆಯ ಮೇಲಿನ ಹೆಸರಿನ ಪಕ್ಕದಲ್ಲಿ "ನ ಅಪ್ಪ" ಎಂದು ಸೇರಿಸಿದ.

ಮುತ್ತುರಾಜ ಮರಳಿದಾಗ ಓಣಿಯಲ್ಲಿ ಗಳ ಗೋಡೆಗೆ ಒರಗಿತ್ತು, ನೀಲಪ್ಪ ಇರಲಿಲ್ಲ. "ಅಮೀನಗಡದಾಗ ಏನೋ ಕೆಲಸ ಐತಿ ಅಂತ ಗಾಡಿ ಹತ್ತಿ ಹೋದ," ಎಂದಳು ಲಕ್ಕವ್ವ. ಒಳಗೆ ಅಮಸಿದ್ದಪ್ಪ ಕಂಬವನ್ನು ಅಪ್ಪಿ ಹಿಡಿದು ಕೂತಿದ್ದ. ಮಗ ಬೇಡಿದ, ಬೈದ, ಬೆರಳು ಬಿಡಿಸಿದ. ಒಂದು ಬೆರಳು ಬಿಡಿಸಿದರೆ ಇನ್ನೊಂದು ಕೂಡಿಕೊಳ್ಳುತ್ತಿತ್ತು.

ಆಗ ಬೋರವ್ವ ಎದ್ದು ನಿಂತಳು. ಬೀರಪ್ಪನ ಗುಡಿಯ ದಿಕ್ಕಿಗೆ ಕೈಮುಗಿದಳು. ಕಣ್ಣು ಮುಚ್ಚಿಕೊಂಡು, ಓಣಿಗೆಲ್ಲ ಕೇಳುವ ಹಾಗೆ ಕರೆದಳು:

"ಅಮಸಿದ್ದಪ್ಪಾ! ಏಳು!"

ಅವನ ಕೈಗಳು ತಾವಾಗಿಯೇ ಕಳಚಿಕೊಂಡವು. ಹಗ್ಗ ಬಿಚ್ಚಿದ ಆಡಿನಂತೆ ಮಗನ ಹಿಂದೆ ನಡೆದು ಜೀಪು ಹತ್ತಿದ. ದಾರಿಯುದ್ದಕ್ಕೂ ಅವನದು ಒಂದೇ ಗುನುಗು: "ನಿಮ್ಮವ್ವ ನನ್ನ ಹೆಸರು ಹಿಡದಳೋ. ಊರಿಗೆಲ್ಲಾ ಕೇಳೂಹಂಗ ಹಿಡದಳು. ಇನ್ನ ಯಮ ಯಾರನ್ನೂ ಕೇಳಬೇಕಾಗಿಲ್ಲ, ಸೀದಾ ಬರ್ತಾನ."

"ಸುಮ್ಕಿರಪ್ಪಾ, ಮಂಚ ಐತಿ. ನಿನಗಂತನ ಇಟ್ಟಾರ."

ಮಂಟಪದ ಮುಂದೆ ಜೀಪು ನಿಂತಿತು. ಮುತ್ತುರಾಜ ಒಳಗೆ ಓಡಿದ. "ಮುತ್ತುರಾಜನ ಅಪ್ಪ" ಎಂದು ಬರೆದ ಗೋಡೆಯ ಕೆಳಗೆ, ಮೂಗಿಗೆ ಆಕ್ಸಿಜನ್ ಹಚ್ಚಿಕೊಂಡು, ನೀಲಪ್ಪ ಮಲಗಿದ್ದ.

"ಅಣ್ಣಾ, ಇಂವ ಯಾಕ ಇಲ್ಲಿ ಅದಾನ?"

"ಯಾಕಂದ್ರ? ನಿಮ್ಮಪ್ಪ ಅಲ್ಲೇನು?" ಎಂದ ಮುಜಮ್ಮಿಲ. "ಮೀನಿನಂಗ ಬಾಯಿ ತೆರಕೋತ ಬಂದ. ರಾಮಥಾಳದವ್ರೇನು ಅಂದ್ನಿ, ಗೋಣು ಹಾಕಿದ. ಮುತ್ತುರಾಜನ ಅಪ್ಪ ಏನು ಅಂದ್ನಿ, ಅದಕ್ಕೂ ಗೋಣು ಹಾಕಿದ."

ನೀಲಪ್ಪ ಕಣ್ಣು ತೆರೆದ. ಜ್ವರವನ್ನು ಎಷ್ಟು ದಿನದಿಂದ ಮುಚ್ಚಿಟ್ಟಿದ್ದನೋ, ಮುಖ ಬೂದಿಯ ಬಣ್ಣವಾಗಿತ್ತು. ಮುತ್ತುರಾಜನನ್ನು ಕಂಡು ಆ ಕಣ್ಣಿನಲ್ಲಿ ನೀರು ಬಂತು. ಓಣಿಯ ಹುಡುಗರನ್ನೆಲ್ಲ ಕರೆಯುವಂತೆಯೇ ಕರೆದ: "ಬಂದ್ಯಾ... ಮಗನ..."

"ಕೇಳಿದೇನು? ಮಗನ ಅಂತಾನ!" ಎಂದ ಮುಜಮ್ಮಿಲ.

ಮುತ್ತುರಾಜನ ಕೈ ಆಕ್ಸಿಜನ್ ನಳಿಗೆಯವರೆಗೆ ಹೋಯಿತು. ನೀಲಪ್ಪನ ಎದೆ ಬಡಿದುಕೊಳ್ಳುತ್ತಿತ್ತು. ಕೈ ಹಿಂದಕ್ಕೆ ಬಂತು.

"ಅಣ್ಣಾ, ಇಂವ ನಮ್ಮ ಓಣಿಯಾಂವ. ನಮ್ಮಪ್ಪ ಹೊರಗ ಜೀಪಿನ್ಯಾಗ ಅದಾನ. ಒಂದ ಸಿಲಿಂಡರಿಂದ ಇಬ್ಬರಿಗೂ ಹಚ್ಚಾಕ ಬರತೈತೇನು, ಸಾಹೇಬ್ರನ್ನ ಕೇಳೋ!"

"ಮುಂಜಾನಿ ನೀನ ಪೇಷಂಟ್ ಅಂತ ಬಂದಿ. ಆಮ್ಯಾಲೆ ನಾ ಅಲ್ಲ, ಅಪ್ಪ ಅಂದಿ. ಈಗ ಈ ಅಪ್ಪ ಅಲ್ಲ, ಆ ಅಪ್ಪ ಅಂತಿ. ಇನ್ನ ಎಷ್ಟ ಮಂದಿ ಅಪ್ಪಗೋಳ ಅದಾರೋ ನಿನಗ? ನಡಿ, ಜೀಪಿನ್ಯಾಗಿನವ್ರನ್ನ ಕೇಳ್ತೇನಿ. ಖರೆ ಇದ್ರ ಸಾಹೇಬ್ರ ಹಂತ್ಯಾಕ ಹೋಗೂಣು."

ಇಬ್ಬರೂ ಜೀಪಿನ ಬಳಿಗೆ ಬಂದರು. ಅದೇ ಹೊತ್ತಿಗೆ "ಶುಭವಿವಾಹ"ದ ಕೆಳಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಬ್ಬರನ್ನು ಹೊರತಂದರು. ಅಮಸಿದ್ದಪ್ಪ ಅದನ್ನೇ ನೋಡುತ್ತಿದ್ದ. ಅವನ ತುಟಿ ನೇರಳೆ ಹಣ್ಣಿನಂತಾಗಿತ್ತು.

"ಅಪ್ಪಾ, ನೀ ಯಾರು ಅಂತ ಇವಗ ಹೇಳೋ!" ಎಂದು ಮುತ್ತುರಾಜ ಗೋಗರೆದ.

ಮುಜಮ್ಮಿಲ ಬಗ್ಗಿ ಕೇಳಿದ: "ಹಿರ್ಯಾರ, ಇಂವ ನಿಮ್ಮ ಮಗ ಏನ್ರಿ? ನಿಮ್ಮ ಹೆಸರೇನ್ರಿ?"

ಅಮಸಿದ್ದಪ್ಪ ಸುತ್ತಲೂ ನೋಡಿದ, ಯಮ ಅಲ್ಲೇ ಎಲ್ಲೋ ಕದ್ದು ಕೇಳುತ್ತಿದ್ದಾನೆಂಬಂತೆ. ಆಮೇಲೆ ಕೈಮುಗಿದ.

"ನೀಲಪ್ಪ ರೀ," ಎಂದ. "ಎದುರುಮನ್ಯಾಂವ... ಸುಮ್ನ... ಹುಡುಗನ ಜೋಡಿ ಬಂದೇನಿ."

ಇಷ್ಟು ಹೇಳುವಷ್ಟರಲ್ಲಿ ಅವನು ಮೂರು ಸಲ ಉಸಿರಿಗಾಗಿ ನಿಲ್ಲಬೇಕಾಯಿತು.