ಕೆಂಪು ಕಾರಿನ ಮಾರಾಟ

ಪ್ರಭಾವತಿ: ರೀ, ಏನು ಗಾಳಿ! ಕಾರಿನ ಟಾಪ್ ಮುಚ್ಚಿ ಅಂದೆ!

ಗಿರೀಶ: ಅರವತ್ತೇಳರ ಗಾಡಿ ಪ್ರಭಾ. ಒಂದ್ಸಲ ತೆಗೆದ್ರೆ, ಮನಸ್ಸು ಬಂದಾಗ ಮುಚ್ಕೊಳ್ಳುತ್ತೆ.

ಪ್ರಭಾವತಿ: ಅಯ್ಯೋ, ದುಪಟ್ಟಾ ಹೋಯ್ತು!

ಗಿರೀಶ: ಊಟಾನಾ? ಮುಂದಿನ ಎಕ್ಸಿಟ್‌ನಲ್ಲಿ ಮಾಡೋಣ.

ಪ್ರಭಾವತಿ: ದುಪಟ್ಟಾ ರೀ! ಹಾರೋಯ್ತು! ಇವತ್ತೇ ಇದನ್ನ ಮಾರಿಬಿಡಿ!

ಗಿರೀಶ: ಮಾರಕ್ಕೇ ತಾನೇ ಹೋಗ್ತಿರೋದು!

2003ರ ಬೇಸಿಗೆ. ಇಲಿನಾಯ್‌ನ ಡೌನರ್ಸ್ ಗ್ರೋವ್‌ನಿಂದ ಹೊರಟ ಕೆಂಪು ಸ್ಪೋರ್ಟ್ಸ್ ಕಾರು ಪಕ್ಕದ ಮಿಷಿಗನ್ ರಾಜ್ಯದೊಳಗೆ ಸಾಗಿತ್ತು. ಚಳಿಗಾಲವಿಡೀ ಗ್ಯಾರೇಜನ್ನು ಈ ಕಾರಿಗೆ ಬಿಟ್ಟು, ಹೊರಗೆ ತನ್ನ ವ್ಯಾನಿನ ಹಿಮ ಕೆರೆದು ಬೇಸತ್ತಿದ್ದ ಪ್ರಭಾವತಿ ಕೊನೆಗೂ ಗಂಡನನ್ನು ಒಪ್ಪಿಸಿದ್ದಳು. ಕೊಳ್ಳುವವನು ಅಲ್ಲಿನ ಪ್ಲಿಮತ್ ಊರಿನ ಕಲೀಮ್. ಹುಬ್ಬಳ್ಳಿ ಕಡೆಯವನು, ಹಳೇ ಕಾರುಗಳ ಹುಚ್ಚಿನಲ್ಲಿ ಗಿರೀಶನಿಗೆ ಸರಿಜೋಡಿ.

ಕಲೀಮ್ ಮನೆ ಮುಂದೆಯೇ ಕಾಯುತ್ತಿದ್ದ. ಅವನ ಹೆಂಡತಿ ದಿಲ್‌ಶಾದ್ ಎಲ್ಲರಿಗೂ ಚಹಾ ತಂದಳು.

ಕಲೀಮ್: ಏನ್ರಿ ಗಿರೀಶ, ಇದನ್ನ ಓಡಿಸ್ಕೊಂಡ ಬಂದ್ರೋ, ನೂಕ್ಕೊಂಡ ಬಂದ್ರೋ?

ಗಿರೀಶ: (ಒಳಗೊಳಗೇ ಖುಷಿಯಾಗಿ) ನೋಡಿ ಹೇಳಿ. ಇದ್ದದ್ದು ಇದ್ದ ಹಾಗೆ.

ಕಲೀಮ್: ಹೇಳೂದೇನೈತಿ? ಗೇರ್ ಹಾಕಿದ್ರ ಹಲ್ಲ ಕಡೀತೈತಿ. ತಳಾ ಎಲ್ಲಾ ತುಕ್ಕ ಹಿಡದೈತಿ.

ಗಿರೀಶ: ತುಕ್ಕೆಲ್ಲಿದೆ? ಕೆಳಗೆ ಮಲಗಿ ನಾನೇ ಬಣ್ಣ ಹೊಡೆದಿದೀನಿ.

ಕಲೀಮ್: ಬಣ್ಣ ಏನದು? ನಾ ಲಿಪ್‌ಸ್ಟಿಕ್ ಅನ್ಕೊಂಡಿದ್ದೆ.

ಗಿರೀಶ: ರೀ ಕಲೀಮ್, ಸಾಕು!

ಕಲೀಮ್: ಪುಕ್ಕಟೆ ಕೊಟ್ರೂ ಒಲ್ಲೆ.

ಗಿರೀಶ: ನೀವು ಕಾಲಿಗೆ ಬಿದ್ರೂ ನಾನು ಕೊಡಲ್ಲ! ಇಂಥ ಗಾಡಿ ಇಡೀ ಇಲಿನಾಯ್‌ನಲ್ಲಿಲ್ಲ!

ಕಲೀಮ್: ಅಲ್ರೀ ಮಾರಾಯ್ರ, ಪ್ರಭಾ ಅಕ್ಕಾರ ಮುಂದ ಗಾಡಿ ಬಯ್ರಿ, ಒಲ್ಲೆ ಅನ್ರಿ ಅಂತ ಫೋನ್‌ನ್ಯಾಗ ಹೇಳ್ದವರು ನೀವ ಅಲ್ಲೇನು?

ಮಾತು ಹೊರಬಿದ್ದ ಮೇಲೆ ಕಲೀಮ್ ನಾಲಿಗೆ ಕಚ್ಚಿಕೊಂಡ. ಗಿರೀಶ ಏನೋ ಹುಡುಕುವವನಂತೆ ಕಾರಿನ ಕೆಳಗೆ ತಲೆ ತೂರಿಸಿದ. ಪ್ರಭಾವತಿ ಚಹಾ ಕಪ್ಪನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

ಪ್ರಭಾವತಿ: ಕೀ ಕೊಡಿ.

ಗಿರೀಶ: ಪ್ರಭಾ, ಇದರ ಗೇರು ನಿಂಗೆ...

ಪ್ರಭಾವತಿ: ಮಂಡ್ಯದಲ್ಲಿ ನಮ್ಮಪ್ಪನ ಜೀಪ್ ಓಡಿಸಿದೋಳು ನಾನು. ಹತ್ತಿ ದಿಲ್‌ಶಾದ್, ಇದನ್ನ ಬೇರೆ ಯಾರಿಗಾದ್ರೂ ಮಾರಿ ಬರೋಣ.

ಕಾರು ಒಂದು ಸಲ ಎಗರಿತು, ಆಮೇಲೆ ನೆಟ್ಟಗೆ ಓಡಿ ತಿರುವಿನಲ್ಲಿ ಮರೆಯಾಯಿತು.

ಗಿರೀಶ: ಮಾರೇಬಿಡ್ತಾಳೆ ಕಲೀಮ್!

ಕಲೀಮ್: ನೀವ್ ಹೇಳಿದ್ದ ಮಾಡೇನಿ ನಾ.

ಗಿರೀಶ: ಲಿಪ್‌ಸ್ಟಿಕ್ ಅನ್ನಿ ಅಂದಿದ್ನಾ?

ಚಹಾ ಆರಿ ತಣ್ಣಗಾಯಿತು. ಗಿರೀಶ ರಸ್ತೆ ನೋಡಿ ನೋಡಿ ಕಂಗಾಲಾದ. ಕೊನೆಗೆ ಕಾರು ಬಂತು. ಹೆಂಗಸರಿಬ್ಬರ ತಲೆಗೂದಲು ಹಕ್ಕಿಗೂಡಾಗಿತ್ತು. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ.

ಗಿರೀಶ: ಮಾರಿಬಿಟ್ಯಾ?

ಪ್ರಭಾವತಿ: ಸಿಗ್ನಲ್‌ನಲ್ಲಿ ಒಬ್ಬ ತಾತ ಕೇಳಿದ.

ದಿಲ್‌ಶಾದ್: ಅಕ್ಕಾರು ಕೊಡಂಗಿಲ್ಲ ಅಂದು ಹಾರ್ನ್ ಹೊಡದು ಬಿಟ್ರು ನೋಡ್ರಿ ಗಾಡಿ!

ಗಿರೀಶ: (ಮುಖ ಅರಳಿ) ಅಂದ್ರೆ, ಇಟ್ಕೊಳ್ಳೋಣ ಅಂತೀಯಾ?

ಪ್ರಭಾವತಿ: ಇಟ್ಕೊಳ್ಳೋಣ ಅಲ್ಲ. ಇಟ್ಕೋತೀನಿ.

ಗಿರೀಶ: ಸರಿ ಸರಿ, ನೀನೇ ಓಡಿಸು. ದಿಲ್‌ಶಾದ್, ಸ್ವಲ್ಪ ಇಳೀರಿ, ನಾನು ಕೂತ್ಕೋತೀನಿ.

ದಿಲ್‌ಶಾದ್: ಯಾಕ ಇಳೀಲಿ? ನಿಮ್ಮೂರ ಹತ್ರ ಎಲ್ಕ್ ಗ್ರೋವ್‌ನ್ಯಾಗ ನಮ್ಮ ತಂಗಿ ಮನಿಗೆ ಹೊಂಟೇನಿ ನಾ.

ಗಿರೀಶ: ಇರೋದೇ ಎರಡು ಸೀಟು! ನಾನು?

ಪ್ರಭಾವತಿ: ಕಲೀಮ್ ಅವರ ವ್ಯಾನ್‌ನಲ್ಲಿ ಹಿಂದೆ ಬನ್ನಿ. ಇನ್ನೂ ಏನೇನು ಸುಳ್ಳು ಹೇಳಿದೀರಿ ಅಂತ ಇಬ್ಬರೂ ನೆನಪು ಮಾಡ್ಕೊಂಡು ಬನ್ನಿ. ದಾರಿ ಉದ್ದ ಇದೆ.