ಟ್ರೈಲರಿನ ಕೆಳಗೊಬ್ಬ ಪುಕ್ಕಲ

ಟ್ರಾಕ್ಟರಿನ ಆಯಿಲ್ ಸೋರಿಕೆ ನಿಲ್ಲಿಸುವ ನನ್ನ ಕಸುಬಿನಲ್ಲಿ ನಗುವ ಸಂಗತಿಗಳಿಗೆ ಬರವೇ ಇರಲಿಲ್ಲ. ನನಗೆ ಮಾತ್ರ ನಗು ಬರುತ್ತಿದ್ದದ್ದು ಬೆವರು ಆರಿದ ಮೇಲೆ. ಎಪ್ಪತ್ತರ ದಶಕದ ಕೊನೆಗೆ ಮಧುಗಿರಿ, ಶಿರಾ ಸುತ್ತಮುತ್ತ ಟ್ರಾಕ್ಟರುಗಳು ಹೆಚ್ಚಾದವು, ಅವುಗಳ ಹಿಂದೆಯೇ ಸೋರಿಕೆಯೂ ಬಂತು. ಹೊಸ ಸಾಮಾನು ತುಟ್ಟಿ. ಹಳೇ ಚಪ್ಪಲಿಯ ಚರ್ಮ ಕತ್ತರಿಸಿ ವಾಷರ್ ಮಾಡಿ ಹಾಕುತ್ತಿದ್ದೆ. ಅದು ಕಿತ್ತುಕೊಂಡರೆ, ಆಯಿಲಿನ ಒತ್ತಡದಿಂದ ಮೇಲೇರಿದ್ದೆಲ್ಲ ಯಾರ ತಲೆ ಮೇಲೆ ಬೀಳುತ್ತದೋ ಎಂದು ಸದಾ ದಿಗಿಲು. ಹೆಚ್ಚಾಗಿ ಆ ತಲೆ ನನ್ನದೇ ಆಗಿರುತ್ತಿತ್ತು.

ಸೀಲು

ಮಧುಗಿರಿಯಲ್ಲಿ ರೈತರೊಬ್ಬರ ಟ್ರಾಕ್ಟರಿನ, ನೇಗಿಲು ಮೇಲೇರಿಸುವ ಲಿಫ್ಟು ಬಿಚ್ಚಿದೆ. ಒಳಗಿನ ರಬ್ಬರ್ ಸೀಲು ಹರಿದಿತ್ತು. ಸೀಲ್ ಹೋಗಿದೆ, ಹೊಸದು ತನ್ನಿ ಎಂದು ಕಳಿಸಿದೆ. ಸಂಜೆಯಾದರೂ ಆಸಾಮಿ ಇಲ್ಲ. ಬಿಚ್ಚಿಟ್ಟ ಲಿಫ್ಟಿಗೆ ಧೂಳು ಹೊಡೆಯುತ್ತಿತ್ತು. ಒಳಗಿನ ಪಂಪು ಕೆಟ್ಟರೆ ಗತಿಯೇನೆಂದು ಟವೆಲ್ಲು ಸಾಲದೆ ಲುಂಗಿಯನ್ನೂ ಬಿಚ್ಚಿ ಹೊದಿಸಿ, ಚಡ್ಡಿಯಲ್ಲೇ ಕಾವಲು ಕೂತೆ. ಕೊನೆಗೆ ಅವರು ಬರಿಗೈಲಿ ಬಂದರು.

"ತಾಲ್ಲೂಕಾಪೀಸ್ನಾಗೆ ಸೀಲು ಹೊರಕ್ಕೆ ಕೊಡಾಕಿಲ್ವಂತೆ ಕಣಣ್ಣ. ಟ್ರಾಕ್ಟರ್ನೇ ಹೊಡ್ಕಂಬಾ, ಒತ್ತಿ ಕೊಡ್ತೀವಿ ಅಂದ್ರು."

ಕಾರೋದು

ಪಾವಗಡದ ಕಡೆ ಒಂದು ಮನೆಯಲ್ಲಿ, ಟ್ರಾಕ್ಟರಿಗೆ ಹಾಕಿ ಮಿಕ್ಕಿದ ಆಯಿಲನ್ನು ಅವರದೇ ಕಡಲೆಕಾಯಿ ಎಣ್ಣೆಯ ಖಾಲಿ ಡಬ್ಬಕ್ಕೆ ಸುರಿದು ಬಂದಿದ್ದೆ. ಸ್ವಲ್ಪ ದಿನಕ್ಕೆ ಬಸ್ ಕಂಡಕ್ಟರ್ ಸುದ್ದಿ ತಂದರು: ಅವರ ಮನೆಯಲ್ಲಿ ಆಯಿಲ್ ಕಾರ್ತಾ ಐತಂತೆ, ಬೇಗ ಬರಬೇಕಂತೆ. ಅಡುಗೆಗೆ ಅದನ್ನೇ ಹಾಕಿ ಮನೆಮಂದಿಯೆಲ್ಲ ವಾಂತಿ ಮಾಡುತ್ತಿದ್ದಾರೆಂದು ನನ್ನ ಜೀವ ಬಾಯಿಗೆ ಬಂತು. ಪರಿಚಯದ ಡಾಕ್ಟರ ಕೈಕಾಲು ಹಿಡಿದು ಬಸ್ಸು ಹತ್ತಿಸಿದೆ. ಹೋಗಿ ನೋಡಿದರೆ ಎಲ್ಲರೂ ಅಂಗಳದಲ್ಲಿ ಆರಾಮಾಗಿ ಕಡಲೆಕಾಯಿ ಬಿಡಿಸುತ್ತಿದ್ದಾರೆ. ಕಾರುತ್ತಿದ್ದದ್ದು ಟ್ರಾಕ್ಟರು, ಅವರ ತೆಲುಗಿನಲ್ಲಿ ಕಾರೋದು ಅಂದರೆ ಸೋರೋದು. ಯಜಮಾನರು ಡಾಕ್ಟರ ಬ್ಯಾಗನ್ನೇ ನೋಡಿದರು.

"ಇಂತ ಲೀಕುಗೆ ಡಾಕ್ಟರ್ ಎಂದುಕು, ಯಾಕಣ್ಣ, ವಾಷರ್ ಸಾಲ್ದಾ?"

ಎತ್ತು

ಕೊರಟಗೆರೆ ಹತ್ತಿರದ ಹೊಲವೊಂದರಲ್ಲಿ, ಮಣ್ಣು ಸುರಿಯುವ ಟ್ರೈಲರಿನ ತೊಟ್ಟಿಯನ್ನು ಮೇಲೇರಿಸುವ ಜಾಕಿ ಸೋರುತ್ತಿತ್ತು. ತೊಟ್ಟಿ ಮೇಲೇರಿ ನಿಂತಾಗಲೇ ಸೋರುವ ಜಾಗ ಕಾಣುವುದು. ಡ್ರೈವರ್ ಟೀ ಕುಡಿಯಲು ಹೋಗಿದ್ದ. ಜೀವಮಾನವೆಲ್ಲ ಎತ್ತು ಕಟ್ಟಿ ಉತ್ತ ಅಜ್ಜ, ಅಂದರೆ ಯಜಮಾನರ ತಂದೆ, ತೊಟ್ಟಿ ಏರಿಳಿಸುವ ಲಿವರ್ ಹಿಡಿದು ಟ್ರಾಕ್ಟರಿನ ಮೇಲೆ ಕೂತರು. ತೊಟ್ಟಿಗೆ ಮರದ ದಿಮ್ಮಿ ಆಸರೆ ಕೊಟ್ಟು, ಮನೆದೇವರನ್ನು ನೆನೆದು ಕೆಳಗೆ ನುಸುಳಿದೆ.

ದಿಮ್ಮಿ ಗೆದ್ದಲು ತಿಂದದ್ದು. ಪುಸಕ್ಕನೆ ಕುಸಿಯಿತು. ತೊಟ್ಟಿ ಮೆಲ್ಲಗೆ ಇಳಿಯತೊಡಗಿತು. ಹೊರಗೆ ಬರೋಣವೆಂದರೆ ಅಂಗಿ ಬೋಲ್ಟಿಗೆ ಸಿಕ್ಕಿಕೊಂಡಿದೆ. "ಎತ್ತು, ಎತ್ತು" ಎಂದು ಕೂಗಿದೆ. ಅಜ್ಜ ಲಿವರ್ ಬಿಟ್ಟು, ಧುಮುಕಿ, ಕೋಲು ಹಿಡಿದು ಹುಣಿಸೆಮರದ ಕಡೆ ಓಡಿದರು. ನಾನು ಜೋರಾಗಿ ಎತ್ತು ಅಂದಷ್ಟೂ ಅವರು ಜೋರಾಗಿ ಓಡಿದರು. ತೊಟ್ಟಿ ಮೂಗಿನಿಂದ ಗೇಣು ದೂರಕ್ಕೆ ಬಂತು. ಹೆಂಡತಿ ಮಕ್ಕಳ ಪುಣ್ಯ, ಅಂಗಿ ಪರ್ರನೆ ಹರಿಯಿತು, ಉರುಳಿಕೊಂಡು ಹೊರಬಿದ್ದೆ. ಮೈಯೆಲ್ಲ ಆಯಿಲು.

ಅಜ್ಜ ಏದುಸಿರು ಬಿಡುತ್ತ ವಾಪಸು ಬಂದು ನನ್ನ ಬೆನ್ನು ಸವರಿದರು.

"ಹೆದರ್ಕಬ್ಯಾಡ ಕಣ್ಲಾ ಮಗ, ಕಟ್ಟಾಕಿದ್ ಜಾಗ್ದಾಗೇ ಐತೆ. ಅದು ಹಾಯೋ ಎತ್ತಲ್ಲ."